ಅರ್ಧ ದುಡ್ಡು ಸರ್ಕಾರದ್ದು, ನಕ್ಷೆಯ ಗೆರೆ ಮಾತ್ರ ಎಂದೆಂದಿಗೂ

ಅಮೆರಿಕದ ಊರುಗಳಲ್ಲಿ ಪಾರ್ಕು, ಆಟದ ಮೈದಾನ, ಕಾಲುದಾರಿ, ದೋಣಿ ಇಳಿಸುವ ಕಟ್ಟೆ ಇಂಥವುಗಳಿಗೆ ಸಿಗುವ ಸರ್ಕಾರಿ ಹಣದಲ್ಲಿ ಬಹಳ ಹೆಸರಾದದ್ದು ಲ್ಯಾಂಡ್ ಅಂಡ್ ವಾಟರ್ ಕನ್ಸರ್ವೇಶನ್ ಫಂಡ್. ಕೆಲಸದವರ ಬಾಯಲ್ಲಿ ಎಲ್‌ಡಬ್ಲ್ಯುಸಿಎಫ್. 1964ರ ಕಾಯ್ದೆ, 1965ರ ಜನವರಿ 1ರಿಂದ ಜಾರಿ. ಹಣ ಬರುವುದು ಮುಖ್ಯವಾಗಿ ಸಮುದ್ರದಲ್ಲಿ ತೆಗೆಯುವ ತೈಲ ಮತ್ತು ಅನಿಲದ ವರಮಾನದಿಂದ. 2020ರಲ್ಲಿ ಗ್ರೇಟ್ ಅಮೆರಿಕನ್ ಔಟ್‌ಡೋರ್ಸ್ ಕಾಯ್ದೆ ಬಂದ ಮೇಲೆ ವರ್ಷಕ್ಕೆ 90 ಕೋಟಿ ಡಾಲರ್ ಖಾಯಂ ಆಯಿತು. ಅದರಲ್ಲಿ ಕನಿಷ್ಠ ಶೇ 40 ರಾಜ್ಯಗಳ ಮೂಲಕ ಕೆಳಗಿಳಿಯುತ್ತದೆ. ಕೌಂಟಿಯಾಗಲಿ ಟೌನ್ ಆಗಲಿ ನೇರವಾಗಿ ಈ ಹಣ ನೋಡಿಕೊಳ್ಳುವ ಫೆಡರಲ್ ಸಂಸ್ಥೆ ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಬಾಗಿಲು ತಟ್ಟುವಂತಿಲ್ಲ. ರಾಜ್ಯ ಅರ್ಜಿಗಳಿಗೆ ಅಂಕ ಹಾಕಿ, ಆರಿಸಿ, ತಾನೇ ಕಳಿಸುತ್ತದೆ. ಆ ಅಂಕಗಳು ರಾಜ್ಯದ ಹೊರಾಂಗಣ ವಿಹಾರ ಯೋಜನೆಯನ್ನು ಹಿಡಿದು ಬೀಳುತ್ತವೆ. ಐದು ವರ್ಷಕ್ಕೊಮ್ಮೆ ಹೊಸದಾಗುವ ಆ ಯೋಜನೆಯನ್ನು ಓದದೆ ಅರ್ಜಿ ಬರೆಯುವುದು ಸಿಲಬಸ್ ನೋಡದೆ ಪರೀಕ್ಷೆಗೆ ಕೂತಂತೆ.

‘ಅರ್ಧ ಖರ್ಚು ಸರ್ಕಾರ ಕೊಡುತ್ತದೆ’ ಎಂಬ ಸಾಲಿಗೇ ಬಹಳ ಕೌನ್ಸಿಲ್‌ಗಳ ಓದು ನಿಂತುಬಿಡುತ್ತದೆ. ಅಸಲು ಕರಾರು ಇರುವುದು ಕಾಯ್ದೆಯ 6(ಎಫ್)(3) ಕಲಮಿನಲ್ಲಿ: ಈ ಹಣ ಮುಟ್ಟಿದ ಜಾಗ ಎಂದೆಂದಿಗೂ ಸಾರ್ವಜನಿಕರ ಹೊರಾಂಗಣ ವಿಹಾರಕ್ಕೇ ಮೀಸಲು. ಇಪ್ಪತ್ತು ವರ್ಷಕ್ಕಲ್ಲ, ಸಲಕರಣೆಯ ಆಯುಷ್ಯ ಮುಗಿಯುವವರೆಗೂ ಅಲ್ಲ. ಉಯ್ಯಾಲೆ ತುಕ್ಕು ಹಿಡಿದು ಗುಜರಿಗೆ ಹೋದರೂ ಅದು ನಿಂತಿದ್ದ ನೆಲದ ಮೇಲಿನ ಕಟ್ಟುಪಾಡು ಹೋಗುವುದಿಲ್ಲ.

ಆ ಜಾಗ ಎಷ್ಟು ಎಂದು ಹೇಳುವುದು ‘ಸಿಕ್ಸ್ ಎಫ್ ಮ್ಯಾಪ್’ ಎಂಬ ಒಂದೇ ಹಾಳೆ. ಅರ್ಜಿಯ ಕಟ್ಟಿನಲ್ಲಿ ಕೊನೆಗೆ ಯಾರೋ ಅವಸರದಲ್ಲಿ ಗೀಚಿ ಸೇರಿಸುವ ಹಾಳೆಯೂ ಬಹಳ ಸಲ ಇದೇ. ಆಟದ ಅಂಗಳ ಅರ್ಧ ಎಕರೆ, ಪಾರ್ಕು ಹನ್ನೆರಡು ಎಕರೆ ಎಂದುಕೊಳ್ಳಿ. ಗೆರೆ ಅರ್ಧ ಎಕರೆಯ ಸುತ್ತ ಹಾಕಿದರೆ ಸಾಲದು. ಗೆರೆಯೊಳಗಿನ ಜಾಗ ತನ್ನಷ್ಟಕ್ಕೆ ತಾನು ಪಾರ್ಕಾಗಿ ನಿಲ್ಲುವಂತಿರಬೇಕು, ದಾರಿ ಮತ್ತು ಪಾರ್ಕಿಂಗ್ ಸಮೇತ. ಹಾಗಾಗಿ ಸಾಮಾನ್ಯವಾಗಿ ಹನ್ನೆರಡೂ ಎಕರೆ ಒಳಗೆ ಬರುತ್ತದೆ. ನಾಳೆ ಅದರ ಮೂಲೆಯಲ್ಲಿ ಅಗ್ನಿಶಾಮಕ ಠಾಣೆಯೋ ಲೈಬ್ರರಿಯೋ ಮೊಬೈಲ್ ಟವರೋ ಬೇಕೆನಿಸಿದರೆ ಅದು ‘ಕನ್ವರ್ಷನ್’, ಅಂದರೆ ವಿಹಾರದ ಜಾಗವನ್ನು ಬೇರೆ ಬಳಕೆಗೆ ತಿರುಗಿಸುವುದು. ಪಾರ್ಕ್ ಸರ್ವಿಸ್ ಒಪ್ಪಬೇಕು. ಬದಲಿಗೆ ಬೇರೆ ಜಮೀನು ಕೊಡಬೇಕು. ಆ ಜಮೀನು ಇಂದಿನ ಮಾರುಕಟ್ಟೆ ಬೆಲೆಯಲ್ಲಿ ಕನಿಷ್ಠ ಸಮ ಇರಬೇಕು, ಉಪಯೋಗದಲ್ಲೂ ಸ್ಥಳದಲ್ಲೂ ಹೆಚ್ಚುಕಡಿಮೆ ಸಾಟಿಯಾಗಿರಬೇಕು. ‘ಇಸ್ಕೊಂಡ ಐವತ್ತು ಸಾವಿರ ವಾಪಸ್ ಕೊಟ್ಟುಬಿಡ್ತೀವಿ’ ಎಂಬ ಮಾತಿಗೆ ಇಲ್ಲಿ ಜಾಗವೇ ಇಲ್ಲ. 1970ರ ದಶಕದಲ್ಲಿ ಒಂದು ಟೆನಿಸ್ ಅಂಕಣಕ್ಕೆ ಪಡೆದ ಚಿಲ್ಲರೆ ಹಣವೂ ಇವತ್ತಿನ ರಸ್ತೆ ಅಗಲೀಕರಣವನ್ನು ತಡೆದು ನಿಲ್ಲಿಸಬಲ್ಲದು.

ಆದ್ದರಿಂದ ಮೊದಲು ನಕ್ಷೆ, ಆಮೇಲೆ ಅಂದಾಜುಪಟ್ಟಿ. ನಕ್ಷೆಯಲ್ಲಿ ಉತ್ತರ ದಿಕ್ಕಿನ ಗುರುತು, ಒಟ್ಟು ಎಕರೆ, ಸುತ್ತಲಿನ ರಸ್ತೆ ಮತ್ತು ನೀರಿನ ಹೆಸರು, ಕ್ರಯಪತ್ರದ ಉಲ್ಲೇಖ, ಒಳಗಿರುವ ಎಲ್ಲ ಲೀಸು ಮತ್ತು ಈಸ್‌ಮೆಂಟ್‌ಗಳು (ತಂತಿ, ಕೊಳವೆ, ದಾರಿಗೆಂದು ಆ ನೆಲ ಬಳಸಲು ಬೇರೆಯವರಿಗಿರುವ ಹಕ್ಕು), ತಾರೀಖು, ಸಹಿ ಇರಬೇಕು. ಎಡವುವುದು ಈಸ್‌ಮೆಂಟ್‌ನಲ್ಲೇ. ಹಳೆಯ ವಿದ್ಯುತ್ ಕಂಪನಿಯ ಹಕ್ಕುಪತ್ರ ಯಾವುದೋ ಕಪಾಟಿನಲ್ಲಿರುತ್ತದೆ. ಟೈಟಲ್ ಹುಡುಕಿಸದೆ ಸಹಿ ಹಾಕಿದರೆ ನಮ್ಮದಲ್ಲದ ಹಕ್ಕನ್ನು ನಾವೇ ಶಾಶ್ವತವಾಗಿ ಬರೆದುಕೊಟ್ಟಂತೆ. ಐದಾರು ವರ್ಷದಲ್ಲಿ ಪಂಪ್‌ಹೌಸೋ ಒಳಾಂಗಣ ಸಭಾಂಗಣವೋ ಬರುವುದು ಖಚಿತವಿದ್ದರೆ ಆ ತುಂಡನ್ನು ಈಗಲೇ, ಕಾರಣ ಬರೆದು, ಗೆರೆಯಿಂದ ಹೊರಗಿಡಲು ಕೇಳಿ. ಕರಾರಿಗೆ ಸಹಿ ಬಿದ್ದ ಮೇಲೆ ಕೇಳಿದರೆ ಅದಕ್ಕೂ ಹೆಸರು ಕನ್ವರ್ಷನ್ನೇ.

ಇನ್ನು ಮ್ಯಾಚಿಂಗ್, ಅಂದರೆ ಗ್ರಾಂಟ್‌ಗೆ ಸಾಟಿಯಾಗಿ ಊರು ಹಾಕಬೇಕಾದ ಪಾಲು. 5 ಲಕ್ಷ ಡಾಲರ್‌ನ ಕೆಲಸ ಎಂದಿಟ್ಟುಕೊಳ್ಳೋಣ. ಗ್ರಾಂಟ್ ಹೆಚ್ಚೆಂದರೆ 2.5 ಲಕ್ಷ. ನಮ್ಮ ಪಾಲಿನ 2.5 ಲಕ್ಷದಲ್ಲಿ ಬಜೆಟ್‌ನಿಂದ 1.7 ಲಕ್ಷ, ದಾನಿಗಳಿಂದ 30 ಸಾವಿರ ನಗದು, ಸ್ವಯಂಸೇವಕರ ದುಡಿಮೆ 50 ಸಾವಿರ ಎಂದು ತೋರಿಸಿದೆವು. ಬಿಡ್ ತೆರೆದಾಗ ಕೆಲಸ 80 ಸಾವಿರ ಏರಿದರೆ ಗ್ರಾಂಟ್ ತಾನಾಗಿ ಏರುವುದಿಲ್ಲ, ಆ ಹೊರೆ ಪೂರ್ತಿ ಊರಿನದು. ಬಿಡ್ ಇಳಿದು ಒಟ್ಟು ಖರ್ಚು 4.4 ಲಕ್ಷಕ್ಕೆ ಬಂದರೆ ಮಾತ್ರ ಗ್ರಾಂಟೂ 2.2 ಲಕ್ಷಕ್ಕೆ ಇಳಿಯುತ್ತದೆ. ತಕ್ಕಡಿ ಒಂದೇ ಕಡೆಗೆ ವಾಲುತ್ತದೆ. ಇದಕ್ಕಿಂತ ಸದ್ದಿಲ್ಲದ ಸೋರಿಕೆ ಸ್ವಯಂಸೇವಕರ ಲೆಕ್ಕದಲ್ಲಿದೆ. 50 ಸಾವಿರ ಎಂದವರು 20 ಸಾವಿರಕ್ಕಷ್ಟೇ ಹಾಜರಿ ಪಟ್ಟಿ ಇಟ್ಟಿದ್ದರೆ, ಲೆಕ್ಕಕ್ಕೆ ಸಿಗುವ ಒಟ್ಟು ಖರ್ಚು 4.7 ಲಕ್ಷ, ಗ್ರಾಂಟ್ 2.35 ಲಕ್ಷ. ಹದಿನೈದು ಸಾವಿರ ಹೋಯಿತು, ಅದೂ ಒಂದು ಸಹಿ ಹಾಳೆ ಇಲ್ಲದ್ದಕ್ಕೆ. ಹಾಳೆಯಲ್ಲಿ ಹೆಸರು, ದಿನ, ಬಂದ ಹೊತ್ತು, ಹೋದ ಹೊತ್ತು, ಮಾಡಿದ ಕೆಲಸ, ಮೇಲ್ವಿಚಾರಕರ ಸಹಿ ಇರಲಿ. ದರ ಹಾಕುವುದು ಮಾಡಿದ ಕೆಲಸಕ್ಕೆ, ಮಾಡಿದವರ ಹುದ್ದೆಗಲ್ಲ: ಹೃದಯತಜ್ಞರು ಬೆಂಚಿಗೆ ಬಣ್ಣ ಬಳಿದರೆ ಬಣ್ಣ ಬಳಿಯುವವರ ಕೂಲಿಯೇ.

ಒಂದು ಫೆಡರಲ್ ಹಣಕ್ಕೆ ಇನ್ನೊಂದು ಫೆಡರಲ್ ಹಣವನ್ನು ಜೋಡಿ ತೋರಿಸುವಂತಿಲ್ಲ ಎಂಬುದು ಸಾಮಾನ್ಯ ನಿಯಮ. ಊರುಗಳ ಅಭಿವೃದ್ಧಿಗೆ ಸಿಗುವ ಇನ್ನೊಂದು ಫೆಡರಲ್ ಹಣ, ಕಮ್ಯುನಿಟಿ ಡೆವಲಪ್‌ಮೆಂಟ್ ಬ್ಲಾಕ್ ಗ್ರಾಂಟ್, ಇದಕ್ಕೆ ಅಪವಾದ. ಅದರ ಕಾಯ್ದೆಯೇ ಹಾಗೆ ಬಳಸಲು ಬಿಡುತ್ತದೆ. ಬಡ ಬಡಾವಣೆಯ ಪಾರ್ಕಿಗೆ ಇದು ದೊಡ್ಡ ಆಸರೆ, ಬಹಳ ಊರುಗಳಿಗೆ ಗೊತ್ತೇ ಇರುವುದಿಲ್ಲ.

ಕರ್ನಾಟಕದ ಪುರಸಭೆಯ ಕೆಲಸ ಗೊತ್ತಿರುವವರಿಗೆ ಇಲ್ಲಿ ಒಂದು ಅಭ್ಯಾಸ ಬಿಡಬೇಕಾಗುತ್ತದೆ. ಅಮೃತ್ ಯೋಜನೆಯಲ್ಲಿ ಕೇಂದ್ರದ ಪಾಲು 20:40:40ರ ಮೂರು ಕಂತಿನಲ್ಲಿ, ಮೊದಲ ಕಂತು ಕೆಲಸಕ್ಕೂ ಮುಂಚೆ, ಬರುತ್ತದೆ. ಎಲ್‌ಡಬ್ಲ್ಯುಸಿಎಫ್‌ನಲ್ಲಿ ಮೊದಲು ಖರ್ಚು ಮಾಡಬೇಕು, ಆಮೇಲೆ ಮರುಪಾವತಿ ಕೇಳಬೇಕು. ಹಾಗಾಗಿ ಆ 5 ಲಕ್ಷದ ಕೆಲಸಕ್ಕೆ 2.5 ಲಕ್ಷ ಕೈಯಲ್ಲಿದ್ದರೆ ಗುತ್ತಿಗೆದಾರರ ಬಿಲ್ಲು ನಡುದಾರಿಯಲ್ಲಿ ನಿಲ್ಲುತ್ತದೆ. ಪೂರ್ತಿ ಮೊತ್ತವನ್ನು ಮೊದಲು ಊರಿನ ಖಜಾನೆಯಿಂದ ಹೊರಿಸುವ ಠರಾವನ್ನು ಕೌನ್ಸಿಲ್ ಅರ್ಜಿಯ ಹೊತ್ತಿಗೇ ಪಾಸು ಮಾಡಿರಲಿ. ಪ್ರತಿ ಮರುಪಾವತಿ ಕಟ್ಟಿನಲ್ಲಿ ಬಿಲ್ಲು, ಅದು ಪಾವತಿಯಾದ ಬ್ಯಾಂಕ್ ಪುರಾವೆ, ಒಪ್ಪಂದ, ಬದಲಾವಣೆ ಆದೇಶ ಇದ್ದರೆ ಅದು. ಬಿಲ್ಲಿನ ತಾರೀಖು ಕರಾರಿನ ಅವಧಿಯೊಳಗೆ ಬೀಳದಿದ್ದರೆ ಉಳಿದದ್ದೆಲ್ಲ ಸರಿಯಿದ್ದೂ ಪ್ರಯೋಜನವಿಲ್ಲ. ಉದ್ಘಾಟನೆಯ ರಿಬ್ಬನ್ನು, ತಿಂಡಿ, ಶಾಮಿಯಾನ ಲೆಕ್ಕಕ್ಕೆ ಬರುವುದಿಲ್ಲ; ಅವನ್ನು ಬೇರೆ ಖಾತೆಯಿಂದಲೇ ಕೊಡಿ.

ಕರಾರಿಗೆ ಮುಂಚೆ ನೆಲ ಅಗೆದರೆ ಅದರ ಖರ್ಚು ಸಿಗುವುದಿಲ್ಲ. ವಿನ್ಯಾಸ, ಸರ್ವೆ, ಪರಿಸರ ಪರಿಶೀಲನೆಯಂಥ ತಯಾರಿ ಖರ್ಚಿಗೆ ಮಾತ್ರ ವಿನಾಯಿತಿ, ಅದನ್ನೂ ಅರ್ಜಿಯಲ್ಲಿ ಹೇಳಿರಬೇಕು. ಜಮೀನು ಕೈತಪ್ಪುವ ಆತಂಕವಿದ್ದರೆ ‘ವೇವರ್ ಆಫ್ ರೆಟ್ರೋಆಕ್ಟಿವಿಟಿ’ ಎಂಬ ಪತ್ರ, ಅಂದರೆ ಕರಾರಿಗೆ ಮುಂಚಿನ ಖರೀದಿಯನ್ನೂ ಆಮೇಲೆ ಗ್ರಾಂಟ್‌ಗೆ ಪರಿಗಣಿಸಬಹುದು ಎಂಬ ಅನುಮತಿ, ಪಡೆದು ಜಮೀನು ಖರೀದಿಸಬಹುದು. ಕ್ರಯಕ್ಕೆ ಮುಂಚೆ ಪಡೆದಿದ್ದರೆ ಮಾತ್ರ ಅದಕ್ಕೆ ಬೆಲೆ, ಮತ್ತು ಅದು ಗ್ರಾಂಟ್ ಸಿಗುತ್ತದೆಂಬ ಭರವಸೆಯಲ್ಲ. ಐತಿಹಾಸಿಕ ಸಂರಕ್ಷಣಾ ಕಾಯ್ದೆಯ 106ನೇ ಕಲಮಿನ ಪರಿಶೀಲನೆಗೆ ರಾಜ್ಯದ ಅಧಿಕಾರಿಗೆ 30 ದಿನ ಇರುತ್ತದೆ; ಅರ್ಧಂಬರ್ಧ ಕಾಗದ ಕಳಿಸಿದರೆ ಆ ಮೂವತ್ತು ದಿನದ ಎಣಿಕೆ ಶುರುವೇ ಆಗುವುದಿಲ್ಲ.

ನಕಾಶೆ ಪರಿಶೀಲನೆಯಲ್ಲಿ ಮರುಕಳಿಸುವ ತಪ್ಪುಗಳೂ ಕೆಲವಿವೆ. ಹೊಸ ವಿದ್ಯುತ್ ತಂತಿಯನ್ನು ಕಂಬದ ಮೇಲೆ ಎಳೆಯುವಂತಿಲ್ಲ, ನೆಲದಡಿ ಹಾಕಬೇಕು. ಅಂದಾಜುಪಟ್ಟಿಯಲ್ಲಿ ಈ ಖರ್ಚು ಮರೆತುಹೋಗಿರುತ್ತದೆ. ಪಾರ್ಕಿಂಗ್‌ನಿಂದ ಆಟದ ಅಂಗಳದವರೆಗೆ ಗಾಲಿಕುರ್ಚಿ ಹೋಗುವ ದಾರಿ ಇಪ್ಪತ್ತಡಿಗೆ ಒಂದಡಿಗಿಂತ ಹೆಚ್ಚು ಏರಬಾರದು. ಏರಿದರೆ ಅದು ರ‍್ಯಾಂಪ್, ಪಕ್ಕದಲ್ಲಿ ಹಿಡಿದುಕೊಳ್ಳುವ ಕಂಬಿಯ ಲೆಕ್ಕ ಬೇರೆ. ಅಡ್ಡ ಇಳಿಜಾರು 1:48ರೊಳಗೆ ಇರಬೇಕು. ಕಾಂಕ್ರೀಟ್ ಹಾಕುವ ಗುತ್ತಿಗೆದಾರರು ನೀರು ಹರಿಯಲಿ ಎಂದು ಇದನ್ನೇ ಮೀರುತ್ತಾರೆ. ಕಾಂಕ್ರೀಟ್ ಸುರಿಯುವ ಮುನ್ನ, ಅಚ್ಚಿನ ಹಲಗೆ ಕೂರಿಸಿದಾಗಲೇ ಡಿಜಿಟಲ್ ಲೆವೆಲ್ ಇಟ್ಟು ನೋಡಿ. ಉಯ್ಯಾಲೆಯ ಮುಂದೆ ಮತ್ತು ಹಿಂದೆ, ಅದರ ತೂಗುಬಿಂದು ನೆಲದ ಹಾಸಿನಿಂದ ಎಷ್ಟು ಎತ್ತರವೋ ಅದರ ಎರಡರಷ್ಟು ಜಾಗ ಖಾಲಿ ಬೇಕು. ಎಂಟಡಿ ಎತ್ತರವಿದ್ದರೆ ಹದಿನಾರಡಿ ಆಚೆ, ಹದಿನಾರಡಿ ಈಚೆ. ಸಲಕರಣೆಯ ಕಬ್ಬಿಣ ಅಮೆರಿಕದಲ್ಲೇ ತಯಾರಾದದ್ದು ಎಂಬ ಪತ್ರವನ್ನು ಸರಬರಾಜುದಾರರಿಂದ ಆರ್ಡರ್ ಕೊಡುವಾಗಲೇ ತೆಗೆದುಕೊಳ್ಳಿ.

ನಮ್ಮವರು ಹೆಚ್ಚಾಗಿ ಕೇಳುವುದು ಕ್ರಿಕೆಟ್ ಮೈದಾನ. ಈ ಗ್ರಾಂಟ್‌ಗೆ ಅದು ಸಲ್ಲುತ್ತದೆ, ಹಳೆಯ ಬೇಸ್‌ಬಾಲ್ ಮೈದಾನವನ್ನು ಕ್ರಿಕೆಟ್‌ಗೆ ತಿರುಗಿಸುವುದು ಕನ್ವರ್ಷನ್ ಅಲ್ಲ. ಹೊರಾಂಗಣ ಆಟ ಹೊರಾಂಗಣ ಆಟವಾಗಿಯೇ ಉಳಿಯಿತು. ರಾಜ್ಯದ ಕಚೇರಿಗೆ ಮೊದಲೇ ಬರೆದು ತಿಳಿಸಿದರಾಯಿತು. ಪಿಚ್ಚು 22 ಗಜ ಉದ್ದ, 10 ಅಡಿ ಅಗಲ, ಅದು ಸಣ್ಣದು. ಬೌಂಡರಿಗೆ 65 ಮೀಟರ್ ಬೇಕೆಂದರೆ ವೃತ್ತವೊಂದೇ 3.3 ಎಕರೆ ನುಂಗುತ್ತದೆ. ನಕ್ಷೆಯಲ್ಲಿ ವೃತ್ತವನ್ನು ಎಳೆದು ನೋಡಿ, ಅದು ನಡೆದಾರಿಯನ್ನೋ ಮಕ್ಕಳ ಅಂಗಳವನ್ನೋ ಮುಟ್ಟಿದರೆ ಅಲ್ಲೇ ಬಿಡಿ.

ದುಡ್ಡು ಕೂಡಿಸಿಕೊಟ್ಟ ಸಂಘಕ್ಕೆ ಮೈದಾನದ ಮೇಲೆ ಒಡೆತನ ಬರುವುದಿಲ್ಲ ಎಂಬುದನ್ನು ದಾನ ಪಡೆಯುವ ಮುಂಚೆಯೇ ಬಾಯಿಬಿಟ್ಟು ಹೇಳಬೇಕು. ಲೀಗ್‌ಗೆ ಭಾನುವಾರದ ಹೊತ್ತು ಬುಕ್ ಮಾಡಿಕೊಡಬಹುದು. ಬೀಗದ ಕೈ ಕೊಡುವಂತಿಲ್ಲ. ಪಕ್ಕದ ಊರಿನವರಿಗೆ ಹೆಚ್ಚು ಶುಲ್ಕ ಹಾಕಬಹುದು, ಆದರೆ ನಮ್ಮೂರಿನವರ ಶುಲ್ಕದ ಎರಡರಷ್ಟಕ್ಕಿಂತ ಹೆಚ್ಚಿಲ್ಲ.

ಕೆಲಸ ಮುಗಿದ ಮೇಲೆ ಫಂಡ್‌ನ ಹೆಸರಿನ ಫಲಕ ನೆಡಬೇಕು, ಕಟ್ಟುಪಾಡನ್ನು ಕ್ರಯಪತ್ರಕ್ಕೆ ಸೇರಿಸಿ ನೋಂದಾಯಿಸಬೇಕು. ಆಮೇಲೆ ಐದು ವರ್ಷಕ್ಕೊಮ್ಮೆ ರಾಜ್ಯದವರು ತಪಾಸಣೆಗೆ ಬರುತ್ತಾರೆ. ಅಷ್ಟು ಹೊತ್ತಿಗೆ ಅರ್ಜಿ ಬರೆದವರು ಬೇರೆಲ್ಲೋ ಇರುತ್ತಾರೆ. ನಕ್ಷೆ ಪಾರ್ಕ್ ಇಲಾಖೆಯ ಫೈಲಿನಲ್ಲಿದ್ದರೆ ಸಾಲದು. ಗೆರೆಯನ್ನು ಊರಿನ ಜಿಐಎಸ್‌ನಲ್ಲಿ, ಅಂದರೆ ಎಲ್ಲ ಇಲಾಖೆಗಳೂ ನೋಡುವ ಕಂಪ್ಯೂಟರ್ ನಕ್ಷೆಯಲ್ಲಿ, ಒಂದು ಪದರವಾಗಿ ಹಾಕಿಸಿ. ನೀರಿನ ಇಲಾಖೆಯ ಎಂಜಿನಿಯರ್ ಹೊಸ ಕೊಳವೆ ಎಳೆಯಲು ಕೂತಾಗ ಆ ಕೆಂಪು ಗೆರೆ ಅವರ ಪರದೆಯ ಮೇಲೂ ಕಾಣಬೇಕು. ಕೊಳವೆ ನೆಲದಡಿ ಹೋಗಿ, ಮೇಲಿನ ಹುಲ್ಲು ಮತ್ತೆ ಮೊದಲಿನಂತಾಗುವುದಾದರೆ ಅನುಮತಿ ಸಿಗುತ್ತದೆ. ಕೊಳವೆಯ ಜೊತೆ ಪಂಪ್‌ಹೌಸ್ ಮೇಲೆದ್ದರೆ ಕಥೆ ಬೇರೆ.