ಚೈನಿನ ಕೆಳಗಿನ ಎಳೆ

ನನ್ನ ಮಾವನ ಹತ್ತಿರ ಒಂದು ಹೀರೋ ಹೋಂಡಾ ಸಿಡಿ 100 ಇದೆ. ಕಾಸರಗೋಡಿನ ಕೆಎಲ್ 14 ನಂಬರಿನ ಗಾಡಿ. ಪೆರ್ಲದ ಹತ್ತಿರ ಅವರ ಅಡಿಕೆ ತೋಟ. ಗೊಬ್ಬರದ ಗೋಣಿ, ಮೈಲುತುತ್ತಿನ ಚೀಲ, ಬದಿಯಡ್ಕಕ್ಕೆ ಒಯ್ಯುವ ಅಡಿಕೆ, ಎಲ್ಲಾ ಅದರ ಬೆನ್ನ ಮೇಲೆಯೇ. ಹದಿನೈದು ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂ ಮಾಡಿಸಿಕೊಂಡು ಬಂದಿದ್ದಾರೆ. ಮಾರಿಬಿಡಿ ಅಂದವರಿಗೆ ಮಾವ ಉತ್ತರವನ್ನೇ ಕೊಡುವುದಿಲ್ಲ.

ಈ ಮಾದರಿ ಬಂದದ್ದು 1985ರಲ್ಲಿ. 97.2 ಸಿಸಿ, ನಾಲ್ಕು ಗೇರು, ಹೆಚ್ಚುಕಮ್ಮಿ ಅಡ್ಡಕ್ಕೆ ಮಲಗಿದಂತಿರುವ ಎಂಜಿನ್ನು. ಸುಮ್ನೆ ಎಣ್ಣೆ ಬದಲಿಸುತ್ತಾ ಇದ್ದರೆ ಸಾಕು, ಓಡುತ್ತಲೇ ಇರುತ್ತದೆ. ಆದರೆ ಕಳೆದ ಬೇಸಗೆಯಲ್ಲಿ ಎಡಗಡೆಯಿಂದ ಕರಕರ ಸದ್ದು ಶುರುವಾಯಿತು. ಟೈಮಿಂಗ್ ಚೈನು (ಪಿಸ್ಟನ್ನು ತಿರುಗಿಸುವ ಕ್ರಾಂಕಿನಿಂದ, ವಾಲ್ವ್ ಎಂಬ ಬಾಗಿಲುಗಳನ್ನು ತೆರೆಯುವ ಕ್ಯಾಮಿಗೆ ಹೋಗುವ ಚೈನು) ಸವೆದಿದೆ ಅಂತ ಕೇಳಿದರೇ ಗೊತ್ತಾಗುತ್ತಿತ್ತು. ಪೇಟೆಯ ಒಂದು ವರ್ಕ್‌ಶಾಪಿನಲ್ಲಿ ಹೊಸ ಚೈನು ಹಾಕಿಸಿದರು. ಸದ್ದು ಹೋಯಿತು. ಜೊತೆಗೆ ಪಿಕಪ್ಪೂ ಹೋಯಿತು.

ತೋಟದಿಂದ ರಸ್ತೆಗೆ ಹತ್ತುವ ಏರಿನಲ್ಲಿ ಮೊದಲು ಗೋಣಿ ಹೇರಿಕೊಂಡೇ ಸೆಕೆಂಡ್ ಗೇರಿನಲ್ಲಿ ಹೋಗುತ್ತಿದ್ದ ಗಾಡಿ, ಈಗ ಖಾಲಿ ಇದ್ದರೂ ಫಸ್ಟಿಗೆ ಬರುತ್ತಿತ್ತು. ಬೆಳಿಗ್ಗೆ ಸ್ಟಾರ್ಟ್ ಆಗಲು ಹಟ. ನಡುನಡುವೆ ಕಾರ್ಬೋರೇಟರಿನಿಂದ ಪಟ್ ಅಂತ ಸದ್ದು. ವರ್ಕ್‌ಶಾಪಿಗೆ ಮತ್ತೆ ಒಯ್ದಾಗ ಮೊದಲು ಕಾರ್ಬೋರೇಟರ್ ತೊಳೆದರು. ಆಮೇಲೆ ಪ್ಲಗ್ಗು ಬದಲಿಸಿದರು. ಕೊನೆಗೆ, ‘ಹಳೇ ಗಾಡಿ ಅಲ್ವಾ, ಇನ್ನು ಇಷ್ಟೇ’ ಅಂದುಬಿಟ್ಟರು.

ಆ ಮಾತು ಮಾತ್ರ ನನಗೆ ಸಹಿಸಲಾಗಲಿಲ್ಲ. ಚೈನು ಹಾಕಿಸುವ ಹಿಂದಿನ ದಿನ ಏರು ಹತ್ತಿದ ಗಾಡಿ ಮರುದಿನ ಹತ್ತುವುದಿಲ್ಲ ಅಂದರೆ ಅದಕ್ಕೆ ವಯಸ್ಸು ಕಾರಣ ಹೇಗಾಗುತ್ತದೆ? ನಡುವೆ ಬಿಚ್ಚಿ ಜೋಡಿಸಿದ ಕೆಲಸ ಒಂದಿದೆಯಲ್ಲ, ಮೊದಲು ನೋಡಬೇಕಾದ್ದು ಅದನ್ನು.

ಮಳೆ ಜೋರಾಗಿ ಕಲೆಕ್ಟರು ಶಾಲೆಗೆ ರಜೆ ಕೊಟ್ಟ ಒಂದು ದಿನ ಗಾಡಿಯನ್ನು ಇಚ್ಚನ ಗ್ಯಾರೇಜಿಗೆ ಒಯ್ದೆ. ಊರಿನ ನಾವೆಲ್ಲ ಅವರನ್ನು ಕರೆಯುವುದು ಹಾಗೆಯೇ. ತಗಡಿನ ಮಾಡು, ಒಂದು ಮರದ ಬೆಂಚು, ಗೋಡೆಗೆ ಸಾಲಾಗಿ ಸ್ಪ್ಯಾನರುಗಳು. ಗಾಡಿ ಸ್ಟಾರ್ಟ್ ಮಾಡಿ ತೋರಿಸಲು ಹೊರಟೆ. ಬೇಡ ಅಂದರು. ಕಿಕ್ಕರನ್ನು ಅಂಗೈಯಿಂದ ಮೆಲ್ಲ ಒತ್ತಿದರು. ಕಂಪ್ರೆಶನ್ ಬರುವ, ಅಂದರೆ ಪಿಸ್ಟನ್ನು ಒಳಗಿನ ಗಾಳಿಯನ್ನು ಒತ್ತುವ ಜಾಗದಲ್ಲಿ ಕಿಕ್ಕರು ಗಟ್ಟಿಯಾಗಿ ನಿಲ್ಲಬೇಕು. ಇಲ್ಲಿ ಅದು ಸ್ವಲ್ಪ ತಡೆದು, ಮೆತ್ತಗೆ ಜಾರಿ ಕೆಳಗೆ ಹೋಯಿತು.

‘ಮಾಷ್ಟ್ರೇ, ಗಾಳಿ ಎಲ್ಲಿಂದಲೋ ಹೋಗ್ತಾ ಉಂಟು. ವಾಲ್ವ್ ಬೆಂಡಾಗಿರಬೇಕು, ಇಲ್ಲದಿದ್ರೆ ಟೈಮಿಂಗ್ ತಪ್ಪಿರಬೇಕು.’

ವಾಲ್ವ್, ಕ್ಯಾಮ್ ಇರುವ ಎಂಜಿನ್ನಿನ ತುದಿಯ ಭಾಗ ಹೆಡ್ಡು; ಅದರ ಎಡಬದಿಯ ದುಂಡು ಮುಚ್ಚಳ ತೆಗೆದರು. ಕ್ರಾಂಕಿನ ತುದಿಯಲ್ಲಿರುವ ಮ್ಯಾಗ್ನೆಟ್ಟಿನ ನಟ್ಟಿಗೆ ಸ್ಪ್ಯಾನರ್ ಹಾಕಿ ಎಡಕ್ಕೆ, ಅಂದರೆ ಎಂಜಿನ್ ತಿರುಗುವ ದಿಕ್ಕಿಗೆ, ತಿರುಗಿಸುತ್ತಾ ಹೋದರು. ಮ್ಯಾಗ್ನೆಟ್ಟಿನ ಮೇಲೆ ಎರಡು ಗುರುತು ಇರುತ್ತವೆ. ಮೊದಲು ಬರುವುದು ‘ಎಫ್’, ಅದು ಕಿಡಿ ಹಾರುವ ಜಾಗ. ಅದರ ನಂತರ ‘ಟಿ’, ಪಿಸ್ಟನ್ನು ಪೂರ್ತಿ ಮೇಲೆ ಬಂದ ಜಾಗ. ಕ್ಯಾಮ್ ಕೂರಿಸಲು ಬೇಕಾದ್ದು ಟಿ. ಆ ಗೆರೆ ಕೇಸಿನ ಗುರುತಿಗೆ ಸರಿಯಾಗಿ ನಿಂತಾಗ ಕ್ಯಾಮ್ ಚಕ್ರದ ಮೇಲಿನ ಸೊನ್ನೆ ಗುರುತು ಹೆಡ್ಡಿನ ಕಚ್ಚಿಗೆ ನೇರ ಇರಬೇಕು. ಇಚ್ಚ ಟಾರ್ಚು ಹಿಡಿದು ನನ್ನನ್ನು ಕರೆದರು. ಸೊನ್ನೆ ಇನ್ನೂ ಕಚ್ಚಿಗೆ ಬಂದೇ ಇರಲಿಲ್ಲ. ಸರಿಯಾಗಿ ಒಂದು ಹಲ್ಲು ಹಿಂದೆ.

ಒಂದು ಹಲ್ಲಿಗೆ ಇಷ್ಟೆಲ್ಲಾ ರಂಪವೇ ಅಂತ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಕ್ರಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದು ಸುತ್ತು. ಕ್ಯಾಮ್ ಚಕ್ರಕ್ಕೆ 28 ಹಲ್ಲು ಇದ್ದರೆ ಒಂದು ಹಲ್ಲು ಸುಮಾರು 13 ಡಿಗ್ರಿ. ಕ್ರಾಂಕಿನ ಲೆಕ್ಕದಲ್ಲಿ ಅದು 26 ಡಿಗ್ರಿ ಹತ್ತಿರ. ಅಷ್ಟು ತಡವಾಗಿ ಇನ್‌ಲೆಟ್ ವಾಲ್ವ್ ಮುಚ್ಚುತ್ತದೆ. ಪಿಸ್ಟನ್ನು ಮೇಲಕ್ಕೆ ಹೊರಟಿದ್ದರೂ ಬಾಗಿಲು ತೆರೆದೇ ಇರುವುದರಿಂದ, ಒಳಗೆ ಎಳೆದ ಪೆಟ್ರೋಲ್ ಗಾಳಿಯಲ್ಲಿ ಒಂದಿಷ್ಟು ಕಾರ್ಬೋರೇಟರಿನ ಕಡೆಗೇ ವಾಪಸ್. ನಿಧಾನ ವೇಗದಲ್ಲಿ ಇದು ಜಾಸ್ತಿ. ಕಿಕ್ಕರು ಮೆತ್ತಗಾಗಿದ್ದಕ್ಕೂ, ಏರಿನಲ್ಲಿ ಗಾಡಿ ಸೋಲುತ್ತಿದ್ದುದಕ್ಕೂ, ಆ ಪಟ್ ಸದ್ದಿಗೂ ಕಾರಣ ಒಂದೇ.

ಚಕ್ರ ಮಾತ್ರ ಬಿಚ್ಚಿ ಒಂದು ಹಲ್ಲು ಮುಂದಿಟ್ಟು ಕೆಲಸ ಮುಗಿಸಬಹುದಿತ್ತು. ಇಚ್ಚ ಹಾಗೆ ಮಾಡಲಿಲ್ಲ. ಟೈಮಿಂಗ್ ತಪ್ಪಿ ಇಷ್ಟು ದಿನ ಓಡಿದೆ, ಒಳಗೆ ನೋಡದೆ ಮುಚ್ಚುವುದು ಸರಿಯಲ್ಲ ಅಂದರು. ಚೈನು ಒಳಗೆ ಬೀಳದ ಹಾಗೆ ತಂತಿ ಕಟ್ಟಿ, ಹೆಡ್ಡು ಬಿಚ್ಚಿ ಬೆಂಚಿನ ಮೇಲಿಟ್ಟರು. ಪೋರ್ಟಿಗೆ ಪೆಟ್ರೋಲ್ ಸುರಿದು ವಾಲ್ವಿನ ಅಂಚು ನೋಡಿದೆವು. ಒಂದು ಹನಿಯೂ ಜಿನುಗಲಿಲ್ಲ. ಕ್ಯಾಮಿನ ಉಬ್ಬು ಎತ್ತಿದಾಗ ವಾಲ್ವನ್ನು ಒತ್ತುವ ರಾಕರುಗಳ ಪಿನ್ನು ಎಳೆದು ಕ್ಯಾಮ್ ಹೊರಗೆ ತೆಗೆದರು. ಬೆರಳುದ್ದದ ವಸ್ತು, ಮೇಲೆ ಎರಡು ಉಬ್ಬು. ಇಚ್ಚ ಬಟ್ಟೆಯಲ್ಲಿ ಒರೆಸಿ, ಹೆಬ್ಬೆರಳಿನ ಉಗುರನ್ನು ಉಬ್ಬಿನ ಮೇಲೆ ಅಡ್ಡಕ್ಕೆ ಎಳೆದರು. ಬೆಳಕಿಗೆ ಒಂದು ಗೆರೆ ಕಾಣುತ್ತಿತ್ತು, ಆದರೆ ಉಗುರಿಗೆ ಸಿಗಲಿಲ್ಲ. ‘ನೀವೂ ನೋಡಿ’ ಅಂತ ನನ್ನ ಕೈಗೆ ಕೊಟ್ಟರು. ಉಗುರಿಗೆ ಸಿಕ್ಕಿದ್ದರೆ ಹೊಸದು ಹಾಕಬೇಕಿತ್ತು.

ಹೊಸ ಗ್ಯಾಸ್ಕೆಟ್ ಇಟ್ಟು, ಹೆಡ್ಡಿನ ನಟ್ಟುಗಳನ್ನು ಮೂಲೆಗೆ ಮೂಲೆ ಸ್ವಲ್ಪ ಸ್ವಲ್ಪವೇ ಬಿಗಿದರು. ಕ್ಯಾಮಿಗೆ ಧಾರಾಳ ಎಣ್ಣೆ ಹಚ್ಚಿ ಒಳಗೆ ತೂರಿಸಿದರು. ಮೊದಲ ಸ್ಟಾರ್ಟಿನಲ್ಲಿ ಎಣ್ಣೆ ಹೆಡ್ಡಿಗೆ ಏರುವ ಮೊದಲೇ ಕ್ಯಾಮ್ ತಿರುಗುತ್ತದೆ. ಒಣಗಿದ್ದರೆ ಹೊಸ ಗೆರೆ ಬೀಳಲು ಅಷ್ಟೇ ಸಾಕು. ಎರಡು ಉಬ್ಬೂ ಪಿಸ್ಟನ್ನಿನ ಕಡೆಗೆ ಮುಖ ಮಾಡಿದ್ದವು, ಅಂದರೆ ರಾಕರುಗಳ ಮೇಲೆ ಭಾರ ಇಲ್ಲ, ವಾಲ್ವ್ ಎರಡೂ ಮುಚ್ಚಿವೆ. ಚೈನಿನ ಗುಂಡಿಗೆ ಬೋಲ್ಟು ಬೀಳಬಾರದೆಂದು ಬಟ್ಟೆ ತುರುಕಿದರು.

ಆಮೇಲೆ ಮಾಡಿದ್ದೇ ಮುಖ್ಯ ಕೆಲಸ. ಚಕ್ರಕ್ಕೆ ಚೈನು ಏರಿಸುವಾಗ ಇಚ್ಚ ಚೈನಿನ ಕೆಳಗಿನ ಎಳೆಯನ್ನು ಎಡಗೈ ಬೆರಳಿನಿಂದ ಎಳೆದು ಹಿಡಿದಿದ್ದರು. ಎಂಜಿನ್ ತಿರುಗುವಾಗ ಕ್ರಾಂಕು ಎಳೆಯುವುದು ಕೆಳಗಿನ ಎಳೆಯನ್ನು. ಸಡಿಲ ಏನಿದ್ದರೂ ಮೇಲಿನ ಎಳೆಯಲ್ಲಿರಬೇಕು. ಅದನ್ನು ಟೆನ್ಷನರ್ ನೋಡಿಕೊಳ್ಳುತ್ತದೆ. ಕೆಳಗಿನ ಎಳೆಯಲ್ಲಿ ಸಡಿಲ ಬಿಟ್ಟು ಗುರುತು ನೇರ ಮಾಡಿದರೆ ಆ ಹೊತ್ತಿಗೆ ಎಲ್ಲಾ ಸರಿ ಕಾಣುತ್ತದೆ. ಟೆನ್ಷನರ್ ಕೂತ ಕೂಡಲೇ ಕ್ಯಾಮ್ ಹಿಂದಕ್ಕೆ ಜಗ್ಗುತ್ತದೆ. ಪೇಟೆಯಲ್ಲಿ ಆಗಿದ್ದು ಇದೇ ಇರಬೇಕು ಅಂತ ಇಚ್ಚ ಹೇಳಿದರು. ನನಗೂ ಹಾಗೇ ಅನ್ನಿಸಿತು. ಗುರುತು ನೋಡದೆ ಜೋಡಿಸಿದವರಲ್ಲ ಅವರು, ನೋಡಿದ್ದು ಟೆನ್ಷನರ್ ಹಾಕುವ ಮೊದಲು.

ಎಂಜಿನ್ನಿನ ತಳದಿಂದ ಟೆನ್ಷನರಿನ ರಾಡು, ಸ್ಪ್ರಿಂಗು ಹಾಕಿ ಬೋಲ್ಟು ಬಿಗಿದ ಮೇಲೆ ಮ್ಯಾಗ್ನೆಟ್ಟನ್ನು ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಿದರು. ಎಲ್ಲಾದರೂ ತಡೆದರೆ ಅಲ್ಲೇ ನಿಲ್ಲಿಸಬೇಕು, ಒತ್ತಬಾರದು. ವಾಲ್ವ್ ಪಿಸ್ಟನ್ನಿಗೆ ತಾಗುತ್ತಿರಬಹುದು. ಎಲ್ಲೂ ತಡೆಯಲಿಲ್ಲ. ಟಿ ಬಂದು ನಿಂತಿತು, ಸೊನ್ನೆ ಕಚ್ಚಿಗೆ ಎದುರಾಯಿತು. ಇನ್ನೆರಡು ಸುತ್ತು. ಮತ್ತೆ ಅದೇ ಜಾಗ. ಬೋಲ್ಟು ಬಿಗಿದು, ಫೀಲರ್ ಗೇಜ್ ತೂರಿಸಿ ಟಾಪೆಟ್, ಅಂದರೆ ರಾಕರಿಗೂ ವಾಲ್ವಿಗೂ ನಡುವಿನ ಸಂದು, ಸರಿ ಇಟ್ಟರು.

ಕಿಕ್ಕರು ಈಗ ಅಂಗೈಗೆ ಕಲ್ಲಿನ ಹಾಗೆ ನಿಂತಿತು. ಗಾಡಿ ಸ್ಟಾರ್ಟ್ ಆಗಿ ಸದ್ದು ಸಮವಾಗಿ ಬರುತ್ತಿದ್ದಾಗ ನನಗಾದ ಖುಷಿ ಹೇಳಿ ಮುಗಿಯುವುದಲ್ಲ. ಸಂಜೆ ಮಾವನನ್ನು ಹಿಂದೆ ಕೂರಿಸಿಕೊಂಡು ಒದ್ದೆ ಏರನ್ನು ಸೆಕೆಂಡ್ ಗೇರಿನಲ್ಲೇ ಹತ್ತಿದೆ. ಅರ್ಧಕ್ಕೆ ಬಂದಾಗ ಮಾವ ನನ್ನ ಭುಜ ತಟ್ಟಿ, ‘ನಿಲ್ಸು, ನಾನು ಓಡಿಸ್ತೇನೆ’ ಅಂದರು.

ಬಿಚ್ಚಿ ಜೋಡಿಸಿದ ಮೇಲೆ ಟಾಪೆಟ್ ತುಸು ಬದಲಾಗಬಹುದು, ಸ್ವಲ್ಪ ಓಡಿಸಿ ಮತ್ತೆ ತನ್ನಿ ಅಂತ ಇಚ್ಚ ಹೇಳಿದ್ದರು. ಹಾಗೇ ಒಯ್ದೆವು. ತಣ್ಣಗಾದ ಎಂಜಿನ್ ತೆರೆದು ನೋಡಿದಾಗ ಎಕ್ಸಾಸ್ಟ್ ಕಡೆಯದು ತುಸು ಬಿಗಿಯಾಗಿತ್ತು. ಸರಿ ಮಾಡಿ ಕೊಟ್ಟರು. ಅದಕ್ಕೆ ದುಡ್ಡು ಕೊಡಲು ಹೋದರೆ, ಇದು ಮೊನ್ನೆಯ ಕೆಲಸದಲ್ಲೇ ಸೇರಿದ್ದು ಅಂತ ತೆಗೆದುಕೊಳ್ಳಲಿಲ್ಲ.