ಹಾವಿನ ಮೂಗಲ್ಲಿ ಗುಳ್ಳೆ ಬಂದ್ರೆ

ಹಾವು ಸಾಕೋರ ಮಧ್ಯೆ ಆರ್‌ಐ ಅಂದ್ರೆ ಸಾಕು, ಉಸಿರಾಟದ ಸೋಂಕು ಅಂತ ಎಲ್ರಿಗೂ ಅರ್ಥ ಆಗುತ್ತೆ. ಆದ್ರೆ ಅದು ಬಂದಾಗ ಏನ್ ಮಾಡ್ಬೇಕು ಅನ್ನೋದ್ರಲ್ಲಿ ಮಾತ್ರ ಒಬ್ಬೊಬ್ರದು ಒಂದೊಂದು ರಾಗ. ಹಾವು ಒಂದ್ಸಲ ಸುಯ್ ಅಂದ ತಕ್ಷಣ ಆ್ಯಂಟಿಬಯಾಟಿಕ್ ಹುಡ್ಕೊಂಡು ಹೊರಡೋರು ಕೆಲವ್ರು, ಬಾಯಲ್ಲಿ ಲೋಳೆ ಕಟ್ಕೊಂಡಿದ್ರೂ "ಹೀಟ್ ಸ್ವಲ್ಪ ಜಾಸ್ತಿ ಮಾಡಿ, ತಾನಾಗೇ ಹೋಗುತ್ತೆ" ಅನ್ನೋರು ಇನ್ ಕೆಲವ್ರು. ನನ್ನ ಬಾಲ್ ಪೈಥಾನ್‌ಗೆ (ಮನೇಲಿ ಸಾಕೋ ಒಂದು ಜಾತಿ ಸಣ್ಣ ಹೆಬ್ಬಾವು) ಬಂದಾಗ ಎರಡೂ ಉಪದೇಶ ಕೇಳಿದೀನಿ. ನಾನು ಹೇಳೋದಿಷ್ಟು: ಔಷಧಿ ಬೇಕು, ಆದ್ರೆ ಗೂಡಿನ ಬಿಸಿ ಸರಿ ಇಲ್ದೆ ಕೊಟ್ಟ ಔಷಧಿ ದಂಡ.

ಮೊದ್ಲು ಸದ್ದಿನ ವಿಷ್ಯ. ಪೊರೆ ಬಿಡೋ ಟೈಮಲ್ಲಿ ಮೂಗಿನ ಹೊಳ್ಳೆ ಸುತ್ತ ಹಳೇ ಚರ್ಮ ಸಡಿಲ ಆಗಿ ಸಣ್ಣ ಸೀಟಿ ಥರ ಸದ್ದು ಬರುತ್ತೆ, ಕಣ್ಣು ಮಬ್ಬಾಗಿದ್ರೆ ಒಂದ್ ವಾರ ಕಾಯಿರಿ, ಪೊರೆ ಬಿಟ್ಮೇಲೆ ಎಷ್ಟೋ ಸಲ ತಾನೇ ನಿಲ್ಲುತ್ತೆ. ಬೇರೆ ಏನೂ ತೊಂದ್ರೆ ಇಲ್ದೆ ಬರೀ ಸೀಟಿಗೆ ಗಾಬರಿ ಬೇಡ. ಆದ್ರೆ ಬಾಯಿ ತೆಗ್ದು ಉಸಿರಾಡ್ತಿದ್ರೆ, ತಲೆ ಮೇಲೆತ್ಕೊಂಡೇ ಕೂತಿದ್ರೆ, ಮೂಗಲ್ಲಿ ಗುಳ್ಳೆ ಏಳ್ತಿದ್ರೆ, ಅದು ಬೇರೆ ಕಥೆ. ಬಾಯಿ ಮೆಲ್ಲಗೆ ತೆಗ್ಸಿ ನೋಡಿದ್ರೆ ಕೆಳದವಡೆಯಲ್ಲಿ ಮುಂದಕ್ಕೇ ಒಂದು ಸಣ್ಣ ಸೀಳು ಕಾಣುತ್ತೆ, ಅದೇ ಶ್ವಾಸನಾಳದ ಬಾಯಿ, ಪ್ರತೀ ಉಸಿರಿಗೂ ತೆಗ್ದು ಮುಚ್ತಾ ಇರುತ್ತೆ. ಚೆನ್ನಾಗಿರೋ ಹಾವಲ್ಲಿ ಅದರ ಸುತ್ತ ಒದ್ದೆ ಇರುತ್ತೆ ಅಷ್ಟೆ. ಸೋಂಕು ಆದಾಗ ಅಲ್ಲಿ ನೊರೆ ಇರುತ್ತೆ, ಬಾಯಿ ತೆಗೀತಿದ್ದ ಹಾಗೆ ಮೇಲ್ದವಡೆಯಿಂದ ಕೆಳದವಡೆಗೆ ಲೋಳೆ ದಾರದ ಥರ ಎಳೆ ಎಳೆಯಾಗಿ ಜಗ್ಗುತ್ತೆ. ಒಂದ್ಸಲ ನೋಡಿದ್ರೆ ಮರೆಯಲ್ಲ.

ಇದನ್ನ ನಮ್ಮ ನೆಗಡಿ ಥರ ಹಗುರವಾಗಿ ತಗೊಳ್ಳೋಕಾಗಲ್ಲ, ಯಾಕಂದ್ರೆ ಹಾವಿಗೆ ವಪೆ (ಎದೆ-ಹೊಟ್ಟೆ ನಡುವಿನ ಸ್ನಾಯುವಿನ ಪರದೆ) ಇಲ್ಲ, ನಮ್ಮ ಹಾಗೆ ಜೋರಾಗಿ ಕೆಮ್ಮಿ ಕಫ ಹೊರಗೆ ಹಾಕೋಕೆ ಬರಲ್ಲ. ಹೆಚ್ಚಿನ ಹಾವುಗಳಲ್ಲಿ ಕೆಲಸ ಮಾಡೋದು ಬಲಗಡೆ ಶ್ವಾಸಕೋಶ ಒಂದೇ, ಹೆಬ್ಬಾವು ಬೋವಾಗಳಿಗೆ ಎಡಗಡೇದೂ ಇದೆ ಆದ್ರೆ ಚಿಕ್ಕದು. ಅದೂ ಅಲ್ದೆ ಸರೀಸೃಪಗಳ ಕೀವು ನೀರಾಗಿ ಹರಿಯಲ್ಲ, ಪನೀರ್ ಥರ ಗಟ್ಟಿಯಾಗುತ್ತೆ. ಉದ್ದ ಚೀಲದಂಥ ಶ್ವಾಸಕೋಶದ ತಳದಲ್ಲಿ ಅದು ಕೂತ್ರೆ ಹೊರಗೆ ಬರೋದು ಹೇಗೆ?

ಕಾರಣ ಅಂತ ನೋಡಿದ್ರೆ ಸ್ಯೂಡೋಮೊನಾಸ್, ಏರೋಮೊನಾಸ್ ಅಂಥ ಬ್ಯಾಕ್ಟೀರಿಯಾಗಳ ಹೆಸ್ರೇ ಜಾಸ್ತಿ ಕೇಳಿಬರುತ್ತೆ, ಆದ್ರೆ ಇವು ಎಷ್ಟೋ ಸಲ ಹಾವಿನ ಬಾಯಲ್ಲೂ ಸುತ್ತಮುತ್ತಲೂ ಮೊದ್ಲೇ ಇರ್ತವೆ. ಗೂಡು ತಣ್ಣಗಾಗಿ, ಗಾಳಿ ಆಡ್ದೆ, ಕೆಳಗೆ ಹಾಸಿರೋದು ಸದಾ ಒದ್ದೆ ಇದ್ದಾಗ ಅವಕ್ಕೆ ದಾರಿ ಸಿಗುತ್ತೆ. ಹಾವಿನ ರೋಗನಿರೋಧಕ ಶಕ್ತಿ ನಡೆಯೋದೇ ಹೊರಗಿನ ಬಿಸಿ ಮೇಲೆ. ಬಾಲ್ ಪೈಥಾನ್‌ಗೆ ಬಿಸಿ ಜಾಗ 31-32 ಡಿಗ್ರಿ ಸೆಲ್ಸಿಯಸ್, ತಂಪು ಕಡೆ 25-26 ಇರ್ಬೇಕು, ಕಾಯಿಲೆ ಬಿದ್ದಾಗ ರಾತ್ರಿನೂ ಬಿಸಿ ಇಳಿಸದೇ ಇರೋದು ಒಳ್ಳೇದು. ಹಾಗಂತ ಇಡೀ ಗೂಡನ್ನ ಒಲೆ ಮಾಡ್ಬೇಡಿ, ಸರಿದುಕೊಳ್ಳೋಕೆ ತಂಪು ಜಾಗ ಇರ್ಲೇಬೇಕು. ಗಾಜಿಗೆ ಅಂಟಿಸೋ ಗುಂಡನೆ ಮೀಟರ್‌ಗಳನ್ನ ನಾನಂತೂ ನಂಬಲ್ಲ, ಅವು ತೋರ್ಸೋದು ಗಾಜಿನ ಬಿಸಿ, ಹಾವು ಮಲಗೋ ಜಾಗದ್ದಲ್ಲ. ಪ್ರೋಬ್ (ತಂತಿ ತುದಿಯ ಸೆನ್ಸರ್) ಇರೋ ಡಿಜಿಟಲ್ ಥರ್ಮಾಮೀಟರ್‌ನ ಪ್ರೋಬನ್ನ ಹಾವು ಮಲಗೋ ಜಾಗದಲ್ಲೇ ಇಡಿ, ಗೂಡು ಬಿಸಿ ಮಾಡೋ ಹೀಟ್ ಮ್ಯಾಟ್‌ಗೆ ಬಿಸಿ ಹತೋಟಿಲಿ ಇಡೋ ಥರ್ಮೋಸ್ಟ್ಯಾಟ್ ಹಾಕ್ಲೇಬೇಕು.

ಇನ್ನು ವೆಟ್, ಅಂದ್ರೆ ಪಶುವೈದ್ಯರು. ಸರೀಸೃಪ ನೋಡಿ ಅಭ್ಯಾಸ ಇರೋರೇ ಆಗ್ಬೇಕು. ಒಳ್ಳೇ ವೆಟ್ ಆದ್ರೆ ಶ್ವಾಸನಾಳಕ್ಕೆ ಸ್ವಲ್ಪ ಸಲೈನ್ ಬಿಟ್ಟು ವಾಪಸ್ ಎಳೆದು ಕಲ್ಚರ್‌ಗೆ (ಲ್ಯಾಬಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಪರೀಕ್ಷೆ) ಕಳಿಸೋ ಮಾತಾಡ್ತಾರೆ, ಬೇಕಾದ್ರೆ ಎಕ್ಸ್‌ರೇ ತೆಗೀತಾರೆ. ಯಾವ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಸಾಯುತ್ತೆ ಅಂತ ಗೊತ್ತಾಗೋದು ಹಾಗೇ, ಅದಕ್ಕೇ ಕಲ್ಚರ್‌ಗೆ ಆಗೋ ಖರ್ಚು ಉಳಿಸೋಕೆ ಹೋಗ್ಬೇಡಿ ಅಂತೀನಿ. ಸಾಮಾನ್ಯವಾಗಿ ಕೊಡೋ ಆ್ಯಂಟಿಬಯಾಟಿಕ್ ಸೆಫ್ಟಾಜಿಡೈಮ್, ಹಾವಿನ ಮೈಯಿಂದ ಇದು ನಿಧಾನಕ್ಕೆ ಹೊರಗೆ ಹೋಗೋದ್ರಿಂದ 72 ಗಂಟೆಗೊಂದು ಇಂಜೆಕ್ಷನ್ ಸಾಕು, ದಿನಾ ಚುಚ್ಚೋ ಹಿಂಸೆ ಇಲ್ಲ. ಎನ್ರೋಫ್ಲಾಕ್ಸಸಿನ್ ಕೂಡ ಕೊಡ್ತಾರೆ, ಆದ್ರೆ ಅದು ಚುಚ್ಚಿದ ಜಾಗದಲ್ಲಿ ಉರಿಯುತ್ತೆ, ಕೆಲವೊಮ್ಮೆ ಅಲ್ಲಿನ ಮಾಂಸ ಕೊಳೆತೂ ಹೋಗುತ್ತೆ. ಅಮಿಕಾಸಿನ್ ಆದ್ರೆ ಕಿಡ್ನಿಗೆ ಭಾರ, ಮೈಯಲ್ಲಿ ನೀರಿನಂಶ ಚೆನ್ನಾಗಿರ್ಬೇಕು. ಡೋಸ್ ಮಾತ್ರ ತೂಕ ನೋಡಿ ವೆಟ್ಟೇ ಹೇಳ್ಬೇಕು, ಇಲ್ಲಿ ಓದಿ ಲೆಕ್ಕ ಹಾಕೋಕೆ ಕೂರ್ಬೇಡಿ.

ಸೆಫ್ಟಾಜಿಡೈಮನ್ನ ಡೋಸ್ ಡೋಸಾಗಿ ಸಿರಿಂಜಲ್ಲಿ ತುಂಬಿ ಫ್ರೀಜರಲ್ಲಿ ಇಡಿ ಅಂತ ಕೊಟ್ಟು ಕಳಿಸೋದುಂಟು. ಅಂಗೈಯಲ್ಲಿ ಹಿಡ್ಕೊಂಡು ಕರಗಿಸ್ಬೇಕು, ಬಿಸಿನೀರಿಗೆ ಹಾಕ್ಬಾರ್ದು. ಚುಚ್ಚೋದು ಮೈಯ ಮುಂದಿನ ಮೂರನೇ ಒಂದು ಭಾಗದಲ್ಲಿ, ಬೆನ್ನುಮೂಳೆ ಪಕ್ಕದ ಮಾಂಸಕ್ಕೆ, ಎರಡು ಹುರುಪೆ ನಡುವೆ ಸೂಜಿ ಓರೆಯಾಗಿ ಹೋಗ್ಬೇಕು, ಒಂದ್ಸಲ ಎಡಕ್ಕೆ ಕೊಟ್ರೆ ಮುಂದಿನ್ಸಲ ಬಲಕ್ಕೆ. ಹಿಂಭಾಗದಲ್ಲಿ ಬೇಡ ಅನ್ನೋದ್ಯಾಕಂದ್ರೆ ಅಲ್ಲಿನ ರಕ್ತ ಮೊದ್ಲು ಕಿಡ್ನಿ ಕಡೆಗೆ ಹೋಗ್ಬಹುದು. ಮೊದಲನೇ ಸಲ ವೆಟ್ ಮುಂದೇನೇ ಮಾಡಿ ತೋರಿಸಿ, ಸಂಕೋಚ ಏನಿಲ್ಲ. ನೆಬ್ಯುಲೈಸರ್ ಹೇಳಿದ್ರೆ ಅದೂ ಒಳ್ಳೇದೇ, ಲೋಳೆ ಸಡಿಲ ಆಗುತ್ತೆ. ಆದ್ರೆ ನೀಲಗಿರಿ ಎಣ್ಣೆ ಹಾಕಿ ಹಬೆ ಕೊಡೋದು, ಮನುಷ್ಯರ ಕಫದ ಔಷಧಿ ಬಾಯಿಗೆ ಬಿಡೋದು, ಇವೆಲ್ಲ ದಯವಿಟ್ಟು ಬೇಡ. ತಿನ್ನಲಿಲ್ಲ ಅಂತ ಬಲವಂತವಾಗಿ ತುರುಕಲೂಬೇಡಿ, ನೀರು ಕುಡೀತಿದ್ರೆ ಸದ್ಯಕ್ಕೆ ಸಾಕು. ಎರಡು ಇಂಜೆಕ್ಷನ್‌ಗೆ ಗುಳ್ಳೆ ನಿಂತ್ರೂ ಕೋರ್ಸ್ ಪೂರ್ತಿ ಮುಗಿಸಿ.

ಅಷ್ಟೆಲ್ಲಾ ಮಾಡಿಯೂ ಮತ್ತೆ ಮತ್ತೆ ಬರ್ತಿದ್ರೆ ವೈರಸ್ ಇರ್ಬಹುದು ಅಂತ ಅನುಮಾನ ಪಡ್ಬೇಕು. ಬಾಲ್ ಪೈಥಾನ್‌ಗಳಲ್ಲಿ ನಿಡೋವೈರಸ್ ಇದೆ ಅಂತ ವರದಿ ಆಗಿದ್ದು 2014ರಲ್ಲಿ, ಈಗ ಅದನ್ನ ಸರ್ಪೆಂಟೋವೈರಸ್ ಅಂತಾರೆ. ಬಾಯಿಂದ ಸ್ವಾಬ್ ತೆಗ್ದು ಪಿಸಿಆರ್ ಮಾಡಿಸಿದ್ರೆ ಗೊತ್ತಾಗುತ್ತೆ. ಇದಕ್ಕೆ ಔಷಧಿ ಇಲ್ಲ, ಜೊತೆಗೆ ಬರೋ ಬ್ಯಾಕ್ಟೀರಿಯಾಕ್ಕೆ ಮಾತ್ರ ಚಿಕಿತ್ಸೆ. ನೋಡೋಕೆ ಚೆನ್ನಾಗಿರೋ ಹಾವೂ ಹರಡ್ಬಹುದು, ಅದಕ್ಕೇ ಹೊಸ ಹಾವು ತಂದ್ರೆ ಕನಿಷ್ಠ ಮೂರು ತಿಂಗಳು ಬೇರೆ ರೂಮಲ್ಲಿ ಇಡಿ. ಪಾಸಿಟಿವ್ ಬಂದ ಹಾವನ್ನ ಮಾರೋದು, ಮರಿ ಮಾಡ್ಸೋದು ಬೇಡ. ಅದರ ನೀರಿನ ಬಟ್ಟಲು, ಹುಕ್, ಚಿಮಟ ಎಲ್ಲಾ ಬೇರೆ ಇರ್ಲಿ, ದಿನದ ಕೆಲಸದಲ್ಲಿ ಅದರ ಗೂಡು ಕ್ಲೀನ್ ಮಾಡೋದು ಎಲ್ಲಕ್ಕಿಂತ ಕೊನೆಗೆ.