ಚಿಂಚೋಳಿಯಿಂದ ಬೀದರಿಗೆ: ಮಣ್ಣಿನ ಜೊತೆ ಬದಲಾಗುವ ಕಪ್ಪೆ ದನಿ

ಕಲಬುರಗಿ ಸೀಮೆಯಲ್ಲಿ ಕಪ್ಪೆಗಳ ಕೂಗು ಕೇಳಲು ಹೊರಡುವವರು ರಜೆ ನೋಡಿ ಹೊರಟರೆ ಆಗದು, ಮಳೆ ನೋಡಿ ಹೊರಡಬೇಕು. ಜೂನ್ 7-8ರ ಹೊತ್ತಿಗೆ ಮಿರಗ, ಅಂದರೆ ಮೃಗಶಿರ ಮಳೆ, ಕೂಡುತ್ತದೆ. ಹಳ್ಳಕ್ಕೆ ನೀರು ಬರುವಂಥ ಮೊದಲ ಮಳೆ ಬಿದ್ದ ರಾತ್ರಿ ಮತ್ತು ಅದರ ಮರುದಿನದ ರಾತ್ರಿ ತಪ್ಪಿಸಬಾರದು. ಇಲ್ಲಿನ ಅನೇಕ ಜಾತಿಗಳು ವರ್ಷದ ಬಹುಪಾಲು ನೆಲದೊಳಗೇ ಕಳೆಯುತ್ತವೆ. ಮೇಲೆ ಬಂದು ಕೂಗಿ, ಮೊಟ್ಟೆ ಇಟ್ಟು, ಗುಂಡಿ ಬತ್ತುವುದರೊಳಗೆ ಮರಿಗಳು ನೆಲ ಹತ್ತಬೇಕು. ಅವುಗಳ ಅವಸರ ನಮ್ಮ ವೇಳಾಪಟ್ಟಿಗೆ ಕಾಯುವುದಿಲ್ಲ.

ಕಲಬುರಗಿ ಬಿಟ್ಟು ಚಿಂಚೋಳಿಯ ಕಡೆ ಸಾಗುವ ದಾರಿಯಲ್ಲಿ ಮೊದಲು ಸಿಗುವುದು ತೊಗರಿಯ ಎರಿ ಹೊಲ. ಕಪ್ಪು ಬಸಾಲ್ಟ್ ಕಲ್ಲು ಸವೆದು ಆದ ಈ ಜೇಡಿ ಬೇಸಿಗೆಯಲ್ಲಿ ಆಳವಾಗಿ ಬಿರಿಯುತ್ತದೆ, ಬಿರುಕಿನ ತಂಪಿನಲ್ಲಿ ನೆಲಗಪ್ಪೆಗಳು ಅಡಗುತ್ತವೆ. ಮಳೆ ಬಿದ್ದರೆ ಅದೇ ಮಣ್ಣು ಉಬ್ಬಿ ಮುಚ್ಚಿಕೊಂಡು ನೀರು ಇಂಗಲು ಬಿಡುವುದಿಲ್ಲ. ಹಾಗಾಗಿ ರಸ್ತೆ ಬದಿಯ ತಗ್ಗುಗಳೇ ಇಲ್ಲಿ ಒಳ್ಳೆಯ ಜಾಗ. ನೀರಿನ ನಡುವೆ ಕೂತ ಗೋಂಕರ ಕಪ್ಪೆಯ ಗಂಡು ಈ ಕಾಲಕ್ಕೆ ನಿಂಬೆ ಹಳದಿ ಬಣ್ಣಕ್ಕೆ ತಿರುಗಿರುತ್ತದೆ, ಗಂಟಲಿನ ಎರಡೂ ಬದಿಗೆ ನೀಲಿ ಚೀಲ ಉಬ್ಬುತ್ತವೆ. ದನಿ ದಪ್ಪನೆಯದು, ದೂರಕ್ಕೂ ಕೇಳುವಂಥದ್ದು. ಇದರ ಕಾಲಿನ ಮಾಂಸದ ವ್ಯಾಪಾರ ಒಂದು ಕಾಲಕ್ಕೆ ಎಷ್ಟು ಬೆಳೆದಿತ್ತೆಂದರೆ, 1987ರಲ್ಲಿ ಭಾರತ ಕಪ್ಪೆ ಕಾಲಿನ ರಫ್ತನ್ನೇ ನಿಷೇಧಿಸಿತು.

ಅದೇ ತಗ್ಗಿನ ಅಂಚಿನ ಹುಲ್ಲಿನಿಂದ ಬರುವ 'ಕ್ರರ್ರ್ ಕ್ರರ್ರ್' ಮೈಕ್ರೊಹೈಲಾ ಎಂಬ ಕಿರುಬಾಯಿ ಕಪ್ಪೆಯದು. ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆದ ಹಾಗೆ. ಮೈ ಎರಡೂವರೆ ಸೆಂಟಿಮೀಟರ್ ಇದ್ದರೆ ಹೆಚ್ಚು, ಆದರೆ ಕೂಗು ಇಡೀ ಗುಂಡಿಯನ್ನು ತುಂಬುತ್ತದೆ. ಇದನ್ನು ಒಬ್ಬರೇ ಹುಡುಕುವುದು ಕಷ್ಟ. ಇಬ್ಬರು ನಾಲ್ಕೈದು ಮೀಟರ್ ಅಂತರದಲ್ಲಿ ನಿಂತು, ತಮಗೆ ದನಿ ಕೇಳಿದ ದಿಕ್ಕಿಗೆ ಟಾರ್ಚ್ ಹಿಡಿಯಬೇಕು. ಎರಡು ಬೆಳಕು ಕೂಡುವಲ್ಲಿ ಹುಲ್ಲಿನ ಬುಡ ನೋಡಿದರೆ ಬಹಳ ಸಲ ಸಿಗುತ್ತದೆ. ಬೆಳಕು ಬಿದ್ದೊಡನೆ ಮೇಳ ನಿಲ್ಲುತ್ತದೆ. ದೀಪ ಆರಿಸಿ ಐದು ನಿಮಿಷ ಅಲ್ಲಾಡದೆ ನಿಂತರೆ ಮತ್ತೆ ಶುರುವಾಗುತ್ತದೆ.

ಚಿಂಚೋಳಿ ವನ್ಯಜೀವಿಧಾಮ 2011ರಲ್ಲಿ ಘೋಷಣೆಯಾದದ್ದು, ವಿಸ್ತೀರ್ಣ ಸುಮಾರು 135 ಚದರ ಕಿ.ಮೀ. ತೇಗ, ಮುತ್ತುಗ ಇರುವ ಎಲೆ ಉದುರುವ ಕಾಡು. ರಾತ್ರಿ ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು, ಜೊತೆಗೆ ಸಿಬ್ಬಂದಿ ಇರಬೇಕು. ಮಲೆನಾಡು ಕೇಳಿದ ಕಿವಿಗೆ ಇಲ್ಲಿ ಪೊದೆಗಪ್ಪೆಗಳ 'ಟಿಕ್ ಟಿಕ್' ಇಲ್ಲದ್ದು ಕೊರತೆ ಎನಿಸಬಹುದು. ಅವುಗಳ ಮರಿ ಗೊದಮೊಟ್ಟೆಯಾಗಿ ಈಜುವುದಿಲ್ಲ, ಮೊಟ್ಟೆಯೊಳಗೇ ಬೆಳೆದು ಪುಟ್ಟ ಕಪ್ಪೆಯಾಗಿ ಹೊರಬರುತ್ತದೆ. ಆ ಮೊಟ್ಟೆಗಳಿಗೆ ವಾರಗಟ್ಟಲೆ ಆರದ ತೇವ ಬೇಕು. ಈ ಒಣ ಕಾಡಿನಲ್ಲಿ ಎರಡು ಮಳೆಯ ನಡುವಿನ ಬಿಸಿಲೇ ಅವನ್ನು ಒಣಗಿಸಿಬಿಡುತ್ತದೆ. ಸಾಮಾನ್ಯ ಮರಗಪ್ಪೆಗೆ ಇದಕ್ಕೆ ಉಪಾಯವಿದೆ: ನೀರಿನ ಮೇಲೆ ಚಾಚಿದ ಕೊಂಬೆಗೋ ಬಾವಿಯ ಗೋಡೆಗೋ ನೊರೆಯ ಗೂಡು ಕಟ್ಟುತ್ತದೆ, ಗೊದಮೊಟ್ಟೆಗಳು ಅಲ್ಲಿಂದ ನೀರಿಗೆ ಉದುರುತ್ತವೆ. ಚಂದ್ರಂಪಳ್ಳಿ ಜಲಾಶಯದ ಹಿನ್ನೀರಿನಂಥ ಕಡೆ ಅದರ 'ಟಕ್ ಟಕ್ ಟಕ್' ಹುಡುಕಬೇಕು. ಅವಸರಪಟ್ಟು ಬರೆದುಕೊಳ್ಳಬೇಡಿ, ನತ್ತಿಂಗ (ನೈಟ್‌ಜಾರ್) ಹಕ್ಕಿಯೂ 'ಚಕ್ ಚಕ್' ಎನ್ನುತ್ತದೆ. ಅದು ಒಣ ನೆಲದಿಂದ ಕೂಗುತ್ತದೆ, ಕೊನೆಗೆ ವೇಗ ಹೆಚ್ಚುತ್ತದೆ. ಮರಗಪ್ಪೆ ಕೂಗುವುದು ನೀರಿನ ಹತ್ತಿರ, ತಡೆತಡೆದು.

ದನಿ ಮುದ್ರಿಸುವವರು ಫೋನಿನ 'ನಾಯ್ಸ್ ರಿಡಕ್ಷನ್' ಮೊದಲು ಆರಿಸಬೇಕು. ನೆಲಗಪ್ಪೆಯ ಒಂದೇ ಸಮನಾದ ದೀರ್ಘ ಕೂಗನ್ನು ಅದು ಗದ್ದಲವೆಂದೇ ತಿಳಿದು ಅಳಿಸುತ್ತದೆ, ಮನೆಗೆ ಬಂದು ಕೇಳಿದರೆ ಬರೀ ಗಾಳಿ. ಎಂಪಿ3 ಬೇಡ, ವೇವ್ ಕಡತ, 44.1 ಕಿಲೋಹರ್ಟ್ಸ್, 16 ಬಿಟ್. ಕೂಗುವ ಕಪ್ಪೆಗೆ ಒಂದೆರಡು ಮೀಟರ್ ದೂರದಿಂದ ಮೂರು ನಿಮಿಷ ಸಾಕು. ಮುಗಿದ ಮೇಲೆ ಅದೇ ಕಡತದಲ್ಲಿ ತಾರೀಖು, ಊರು, ಹೊತ್ತು, ಗಾಳಿ ಮತ್ತು ನೀರಿನ ಉಷ್ಣಾಂಶ ಬಾಯಲ್ಲಿ ಹೇಳಿ. ತಂಪಾದಷ್ಟೂ ಕೂಗಿನ ಮಿಡಿತ ನಿಧಾನವಾಗುತ್ತದೆ, ಆದ್ದರಿಂದ ಉಷ್ಣಾಂಶವಿಲ್ಲದ ಮುದ್ರಣಗಳನ್ನು ಒಂದಕ್ಕೊಂದು ಹೋಲಿಸಲಾಗದು. ಎಷ್ಟು ಕಪ್ಪೆ ಎಂಬುದಕ್ಕೆ ಅಂಕ ಕೊಡುವ ಕ್ರಮವಿದೆ. ಕೂಗೇ ಇಲ್ಲದಿದ್ದರೆ 0, ಬಿಡಿಬಿಡಿಯಾಗಿ ಎಣಿಸಬಹುದಾದರೆ 1, ಕೂಗುಗಳು ಒಂದರ ಮೇಲೊಂದು ಬಿದ್ದರೂ ಬೇರ್ಪಡಿಸಬಹುದಾದರೆ 2, ಎಡೆಬಿಡದ ಮೇಳವಾದರೆ 3.

ಬೀದರಿಗೆ ಹತ್ತಿದಂತೆ ನೆಲ ಕೆಂಪಾಗುತ್ತದೆ. ಇಲ್ಲಿ ಬಸಾಲ್ಟಿನ ಮೇಲೆ ಜಂಬಿಟ್ಟಿಗೆಯ ಹೊದಿಕೆ ಇದೆ. ಜಂಬಿಟ್ಟಿಗೆ ನೀರು ಕುಡಿಯುತ್ತದೆ, ಕೆಳಗಿನ ಕಲ್ಲು ತಡೆಯುತ್ತದೆ, ಎರಡೂ ಕೂಡುವಲ್ಲಿ ಒರತೆ. ನೌಬಾದಿನ ಸುರಂಗ ಬಾವಿ ಕಟ್ಟಿದವರಿಗೆ ಈ ಗುಟ್ಟು ಗೊತ್ತಿತ್ತು. ಮೇಲಿನ ಬಯಲಿನಲ್ಲಿ ಗುಂಡಿಗಳು ಬೇಗ ಬತ್ತುತ್ತವೆ, ಆದರೆ ಸಡಿಲ ಮೊರಂ ಮಣ್ಣು ಬಿಲಗಪ್ಪೆಗಳಿಗೆ ಹೇಳಿಮಾಡಿಸಿದ ಜಾಗ. ಹಿಂಗಾಲಿನ ಅಡಿಯ ಗಟ್ಟಿ ಗುಬುಟಿನಿಂದ ಮಣ್ಣು ಸರಿಸುತ್ತ ಹಿಂದುಹಿಂದಕ್ಕೆ ಇಳಿಯುತ್ತವೆ. ಹೊನ್ನಿಕೇರಿ ಕಾಡಿನ ಸುತ್ತ ಹುತ್ತಗಳಿರುವ ಕಡೆ, ಮಳೆಗುಂಡಿಯಿಂದ ಮೇಕೆಯ ದನಿಯನ್ನು ಹೋಲುವ ದಪ್ಪ ಕೂಗು ಬಂದರೆ ಗೆದ್ದಲು ತಿನ್ನುವ ಬಲೂನು ಕಪ್ಪೆ ಇರಬಹುದೆಂದು ನಿಲ್ಲಿ. ಗಂಡು ಮೈ ಉಬ್ಬಿಸಿ ತೇಲುತ್ತ ಕೂಗುತ್ತದೆ. ಬಿಲಗಪ್ಪೆಗಳ ಜಾತಿಗಳನ್ನು ಮಾತ್ರ ಫೋಟೊ ನೋಡಿ ಗುರುತಿಸಬೇಡಿ, ಕುಲದ (ಜೀನಸ್) ಹೆಸರಿಗೇ ನಿಲ್ಲಿಸುವುದು ಪ್ರಾಮಾಣಿಕ ಕೆಲಸ.

ಗಮ್ ಬೂಟು ಕಡ್ಡಾಯ. ಕಪ್ಪೆ ಇರುವಲ್ಲಿಗೆ ಕಟ್ಟುಹಾವು, ನಾಗರಹಾವುಗಳೂ ಬೇಟೆಗೆ ಬರುತ್ತವೆ. ಕಪ್ಪೆಯನ್ನು ಮುಟ್ಟಬೇಡಿ. ಅದರ ಚರ್ಮ ಉಸಿರಾಡುತ್ತದೆ, ಕೈಗೆ ಹಚ್ಚಿದ ಸೊಳ್ಳೆ ಮುಲಾಮು ಅದರೊಳಗೆ ಇಳಿಯುತ್ತದೆ. ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವ ಮುನ್ನ ಬೂಟಿನ ಕೆಸರು ತಿಕ್ಕಿ ತೊಳೆದು ಬಿಸಿಲಿಗೆ ಪೂರ್ತಿ ಒಣಗಿಸಬೇಕು. ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್ ಶಿಲೀಂಧ್ರ ಒದ್ದೆಯಲ್ಲಿ ಸಾಗುತ್ತದೆ, ಒಣಗಿದರೆ ಸಾಯುತ್ತದೆ. ಮಳೆಗಾಲದಲ್ಲಿ ಬೂಟು ಒಣಗುವುದೇ ಕಷ್ಟ, ಆದ್ದರಿಂದ ಚಿಂಚೋಳಿಗೊಂದು ಜೊತೆ, ಬೀದರಿಗೊಂದು ಜೊತೆ ಇಟ್ಟುಕೊಂಡು ಹೊರಡುವುದು ಒಳ್ಳೆಯದು.